ನನ್ನ ಚಾದರಕ್ಕೆ ಬೀಳದ ಬೇವಿನ ಹೂ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಆಗಿರಲಿಲ್ಲ. ರಾಯಚೂರಿನಲ್ಲಿ ನಮ್ಮ ಓಣಿಯ ಹೆಂಗಸರು ಗಾಳಿ ಸೋಕಿತು, ದೃಷ್ಟಿ ತಗುಲಿತು ಎಂದು ಮೆಣಸಿನಕಾಯಿ ನಿವಾಳಿಸಲು ಕೂತರೆ, "ಅವು ಚಟ್ನಿಗಾದ್ರೂ ಬರ್ತಿದ್ವು" ಎಂದು ಅವರ ಎದುರಿಗೇ ಅಂದು ಬೈಸಿಕೊಂಡವಳು ನಾನು. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ, ಆ ಸೊಕ್ಕೂ ಇತ್ತು. ಬಾಯಿ ಜೋರು ಎಂದು ಮನೆಯವರು ಈಗಲೂ ಅನ್ನುತ್ತಾರೆ, ಅದೇನೂ ಸುಳ್ಳಲ್ಲ. ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಮುಂದೆ ಬರೆಯುವುದನ್ನು ಓದಿ ನೀವು "ಪಾಪ, ಭೋಳೆ ಹೆಂಗಸು" ಅಂದುಕೊಳ್ಳಬಾರದು. ಬೇಕಾದರೆ ಸುಳ್ಳಿ ಅನ್ನಿ, ಭೋಳೆ ಅನ್ನಬೇಡಿ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಗಂಡನಿಗೆ ಮಾನ್ವಿಯಲ್ಲಿ ಮಾಸ್ತರಿಕೆ. ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಒಂದು ಸ್ಟೋ, ನಾಲ್ಕು ಪಾತ್ರೆ ಇಟ್ಟುಕೊಂಡು ನನ್ನ ದಾರಿ ಕಾಯುತ್ತಿದ್ದರು. ಆದರೆ ಮದುವೆಯಾಗಿ ಹತ್ತು ತಿಂಗಳಾದರೂ ನಾನು ದೇವದುರ್ಗದಲ್ಲೇ, ಅತ್ತೆ ಗುರಮ್ಮನ ಕಣ್ಣ ಕೆಳಗೇ ಇದ್ದೆ. ಅತ್ತೆಗೆ ತಮ್ಮ ಅಣ್ಣನ ಮಗಳನ್ನು ಸೊಸೆ ಮಾಡಿಕೊಳ್ಳುವ ಆಸೆ ಇತ್ತು. ಮಗ ಒಪ್ಪದೆ ನನ್ನನ್ನು ಮಾಡಿಕೊಂಡರು. ಆ ಸಿಟ್ಟು ಒಂದು ದಿನವೂ ಇಳಿಯಲಿಲ್ಲ. ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ಏ ರಾಯಚೂರಾಕಿ" ಅಷ್ಟೇ. ನಾನು ಬಡಿದ ರೊಟ್ಟಿ ಮುಟ್ಟುತ್ತಿರಲಿಲ್ಲ, ತಮ್ಮ ಪಾಲಿನ ಎರಡು ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು. ನಾನು ಕೊಟ್ಟ ನೀರನ್ನು ನನ್ನ ಎದುರಿಗೇ ಅಂಗಳಕ್ಕೆ ಚೆಲ್ಲಿ ಬೇರೆ ತುಂಬಿಕೊಳ್ಳುತ್ತಿದ್ದರು. ನಾನೇನು ಸುಮ್ಮನಿರುವ ಗಿರಾಕಿಯೇ? ನಾನೂ ಪಾತ್ರೆ ಕುಕ್ಕುತ್ತಿದ್ದೆ.

ಮಾನ್ವಿಗೆ ಕಳಿಸಲು ಅತ್ತೆ ಒಂದೇ ಷರತ್ತು ಹಾಕಿದ್ದರು, ಮೊದಲ ಯುಗಾದಿಯ ಬೇವು. ನಮ್ಮ ಕಡೆ ಯುಗಾದಿಯ ಬೇವನ್ನು ಕುಡಿಯುತ್ತಾರೆ. ಹೊಸ ಗಡಿಗೆಯಲ್ಲಿ ಹುಣಸೆ ರಸ, ಬೆಲ್ಲ, ಪುಟಾಣಿ ಎನ್ನುವ ಹುರಿಗಡಲೆಯ ಹಿಟ್ಟು, ಮಾವಿನಕಾಯಿ ತುರಿ, ಕೊಬ್ಬರಿ, ಗಸಗಸೆ, ಉತ್ತತ್ತಿ ಎಲ್ಲ ಕಲಸಿ, ಮೇಲೆ ಬೇವಿನ ಹೂ ಉದುರಿಸಿ, ತಂಬಿಗೆಯಲ್ಲಿ ತುಂಬಿಕೊಂಡು ಓಣಿಯ ಮನೆಮನೆಗೂ ಕೊಟ್ಟು ಬರುತ್ತೇವೆ. ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ನನ್ನ ಗಂಡನ ಮನೆಯಲ್ಲಿ ಮಾತ್ರ ಇನ್ನೊಂದು ಪದ್ಧತಿ ಇತ್ತು. ಹೂ ಹೊಲದಲ್ಲಿರುವ ಮನೆತನದ ಗಿಡದ್ದೇ ಆಗಬೇಕು. ಕೀಳಬಾರದು. ಸೊಸೆ ಗಿಡದ ಕೆಳಗೆ ಬಟ್ಟೆ ಹಾಸಬೇಕು, ಗಿಡ ತಾನಾಗಿ ಉದುರಿಸಿದ್ದನ್ನು ತರಬೇಕು. ಮಣ್ಣಿಗೆ ಬಿದ್ದದ್ದು ನಡೆಯುವುದಿಲ್ಲ. ಆ ಹೂವಿನ ಬೇವಿನ ಮೊದಲ ಲೋಟ ಅತ್ತೆಯ ಕೈಗೆ. ಅತ್ತೆ ಕುಡಿದರೆ ಸೊಸೆ ಬೇರೆ ಊರಲ್ಲಿ ಒಲೆ ಹೂಡಬಹುದು. ಇಲ್ಲವೆಂದರೆ ಮುಂದಿನ ಯುಗಾದಿಯ ತನಕ ಅಲ್ಲೇ ಇರಬೇಕು. ಇನ್ನೊಂದು ವರ್ಷ ಆ ಮನೆಯಲ್ಲಿ ಇದ್ದಿದ್ದರೆ ಒಂದೋ ನಾನು ಬಾವಿ ನೋಡಿಕೊಳ್ಳುತ್ತಿದ್ದೆ, ಇಲ್ಲ ರಾಯಚೂರಿನ ಬಸ್ಸು ಹತ್ತಿ ತಿರುಗಿ ಬರುತ್ತಿರಲಿಲ್ಲ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಹಾಗೆ ಯೋಚಿಸಿದ್ದೆ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಸಂಜೆ, ತವರಿನಿಂದ ತಂದ ಚಾದರ ಹಿಡಿದುಕೊಂಡು ಹೊಲಕ್ಕೆ ಹೋದೆ. ಹಳೆಯ ಗಿಡ, ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪ ಬೊಡ್ಡೆ. ಮೈತುಂಬ ಹೂ. ಕೆಳಗೆ ಚಾದರ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟು ಬಂದೆ. ಇದೆಂಥ ಮಹಾ ಕೆಲಸ ಎಂದು ನಗುತ್ತಲೇ ಬಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಗಿಡದ ಕೆಳಗೆಲ್ಲ ಜೋಳದ ನುಚ್ಚು ಚೆಲ್ಲಿದ ಹಾಗೆ ಹೂ ಬಿದ್ದಿದೆ. ಚಾದರ ಮಾತ್ರ ಖಾಲಿ. ಒಂದು ಎಸಳೂ ಇಲ್ಲ. ಕಲ್ಲುಗಳು ಇಟ್ಟಲ್ಲೇ ಇವೆ. ನನಗೆ ತಟ್ಟನೆ ನೆನಪಾದದ್ದು ನಾದಿನಿ ನೀಲಮ್ಮ. ಅವಳನ್ನು ಸಿರವಾರಕ್ಕೆ ಕೊಟ್ಟಿದ್ದರು, ಹಬ್ಬಕ್ಕೆಂದು ಬಂದಿದ್ದಳು. ಅವ್ವನ ಮಾತು ಅವಳಿಗೆ ವೇದ. ಮನೆಗೆ ಹೋದವಳೇ ಕೇಳಿದೆ.

"ಚಾದರ ಝಾಡಿಸಿ ಬಂದೀಯೇನು?"

"ಏನ್ ಮಾತಾಡ್ತಿ ವೈನಿ? ನನಗೇನ್ ಬ್ಯಾರೆ ಕೆಲಸ ಇಲ್ಲೇನು?"

ಅತ್ತೆ ಒಳಗಿನಿಂದಲೇ ಕೂಗಿದರು. "ನನ್ನ ಮಗಳ ಮ್ಯಾಲೆ ಕಳ್ಳತನ ಹೊರಸ್ತಿ? ನೆಟ್ಟಗ ಹಾಸಾಕ ಬರಲಿಲ್ಲ ಅನ್ನು."

ಮರುದಿನ ಕೋಳಿ ಕೂಗುವ ಹೊತ್ತಿಗೇ ಹೊಲದಲ್ಲಿದ್ದೆ. ಚಾದರ ಆಗಲೂ ಖಾಲಿ. ಯಾರು ಬರುತ್ತಾರೋ ನೋಡೇಬಿಡೋಣ ಎಂದು ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಬೆಳಕು ಹರಿಯಿತು. ಗಾಳಿ ಇಲ್ಲ, ಒಂದು ಎಲೆ ಅಲುಗಾಡುತ್ತಿಲ್ಲ. ಹೂ ಮಾತ್ರ ಒಂದೊಂದಾಗಿ ಇಳಿಯುತ್ತಿದ್ದವು. ನನ್ನ ಕಣ್ಣೆದುರಿಗೇ ಚಾದರದ ಅಂಚಿನಿಂದ ನಾಲ್ಕು ಬೆರಳು ಆಚೆ ಬಿದ್ದವು. ಇನ್ನೊಂದು ಅಂಚಿನ ಆಚೆಯೂ ಬಿದ್ದವು. ಒಳಗೆ ಒಂದೂ ಇಲ್ಲ.

ಅಲ್ಲಿ ಮೇಲೆ ಕೊಂಬೆ ಖಾಲಿ ಇರಬೇಕು ಎಂದು ಚಾದರವನ್ನು ಎಳೆದು ಹೂ ದಟ್ಟವಾಗಿ ಬೀಳುವ ಕಡೆ ಹಾಸಿದೆ. ಅಲ್ಲಿ ಬೀಳುವುದು ನಿಂತಿತು. ಮೊದಲು ಹಾಸಿದ್ದ ಜಾಗದಲ್ಲಿ ಉದುರತೊಡಗಿತು. ಮತ್ತೆ ಎಳೆದೆ. ಮತ್ತೆ ಹಾಗೇ. ಆರು ಸಲವೋ ಏಳು ಸಲವೋ ಎಳೆದಾಡಿದೆ. ಕೊನೆಗೆ ಚಾದರದ ನಡುವೆ ಸೆರಗು ಒಡ್ಡಿಕೊಂಡು ನಿಂತೆ. ಹೂ ನನ್ನನ್ನು ಬಿಟ್ಟು ಸುತ್ತಲೂ ಬಿದ್ದವು.

ಅಷ್ಟರಲ್ಲಿ ನೀಲಮ್ಮ ಬಂದಳು, ನಾನೇನು ಮಾಡುತ್ತಿದ್ದೇನೆ ಎಂದು ನೋಡಿಕೊಂಡು ಬರಲು ಅತ್ತೆ ಕಳಿಸಿರಬೇಕು. ನನ್ನಿಂದ ಎರಡು ಮಾರು ದೂರದಲ್ಲಿ ನಿಂತಳು. ನೋಡುನೋಡುತ್ತ ಅವಳ ತಲೆ, ಭುಜದ ಮೇಲೆ ಹೂ ಬಿದ್ದವು. ಅವಳು ತಮಾಷೆಗೆ ಸೆರಗು ಒಡ್ಡಿದಳು, ಅದಕ್ಕೂ ಬಿದ್ದವು.

"ಗಿಡಕ್ಕೂ ನೀ ಸೇರವಲ್ಲಿ ನೋಡು ವೈನಿ!" ಎಂದು ನಕ್ಕು, ಸುದ್ದಿ ಮುಟ್ಟಿಸಲು ಮನೆಗೆ ಓಡಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಪದ್ಧತಿ ಹಾಳಾಗಲಿ ಎಂದು ಕೈಗೆ ಸಿಕ್ಕ ಕೊಂಬೆಯನ್ನು ಎರಡೂ ಕೈಲಿ ಹಿಡಿದು ಜಗ್ಗಾಡಿಬಿಟ್ಟೆ. ಅದರ ಹೂವೆಲ್ಲ ಒಮ್ಮೆಗೇ ಎದ್ದವು, ನನ್ನಿಂದ ದೂರಕ್ಕೆ, ಎಲ್ಲ ಒಂದೇ ದಿಕ್ಕಿಗೆ, ಯಾರೋ ಮೊರದಿಂದ ಕೇರಿ ಎಸೆದ ಹಾಗೆ ಹೋಗಿ ಬಿದ್ದವು. ನನ್ನ ಮೈಮೇಲೆ ಒಂದೂ ಇಲ್ಲ. ಆಗ ನನಗೆ ಮೊದಲ ಸಲ ಭಯವಾಯಿತು. ದೆವ್ವದ ಭಯವಲ್ಲ. ಈ ಗಿಡಕ್ಕೆ ನಾನು ಯಾರೆಂದು ಗೊತ್ತಿದೆ, ಗೊತ್ತಿದ್ದೇ ಒಲ್ಲೆ ಅನ್ನುತ್ತಿದೆ ಅನ್ನಿಸಿತು. ಚಾದರ ಬಾಚಿಕೊಂಡು ತಿರುಗಿ ನೋಡದೆ ಬಂದೆ.

ಮನೆಯಲ್ಲಿ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಖಾಲಿ ಚಾದರ ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ. "ಇನ್ನಾ ಎರಡು ದಿನ ಅದ. ಹೂ ಬಂದ್ರ ಮಾನ್ವಿ. ಇಲ್ಲಂದ್ರ ಇಲ್ಲ" ಎಂದು ಎದ್ದು ಹೋದರು.

ನಾನು ಏನು ಮಾಡಿದೆ? ಮೋಸ ಮಾಡಿದೆ. ಊರ ಹೊರಗೆ ಹಳ್ಳದ ದಂಡೆಯಲ್ಲಿ ಯಾರದೂ ಅಲ್ಲದ ಒಂದು ಬೇವಿನ ಗಿಡ ಇತ್ತು. ಬಟ್ಟೆ ಒಗೆಯುವ ನೆಪದಲ್ಲಿ ಹೋಗಿ ಅದರ ಕೆಳಗೆ ಚಾದರ ಹಾಸಿದೆ. ನಾಲ್ಕು ಸೀರೆ ಒಗೆದು ಹಿಂಡುವಷ್ಟರಲ್ಲಿ ಎರಡು ಹಿಡಿ ಹೂ ಬಿದ್ದಿತ್ತು. ಸಂತೋಷಕ್ಕೆ ಅಲ್ಲೇ ಅತ್ತುಬಿಟ್ಟೆ. ನೆರಳಲ್ಲಿ ಆರಿಸಿ, ಮೊರದಲ್ಲಿ ಕೇರಿ, ಹಿತ್ತಾಳೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮನೆಯ ಗಿಡದ್ದು ಎಂದು ಎಲ್ಲರೆದುರು ಹೇಳಿದೆ. ನೀಲಮ್ಮ ನನ್ನ ಮುಖವನ್ನೇ ನೋಡಿದಳು, ಆದರೆ ಬಿದ್ದಿಲ್ಲ ಎಂದು ಸಾಧಿಸಲು ಅವಳ ಹತ್ತಿರವೂ ಏನಿರಲಿಲ್ಲ.

ಯುಗಾದಿಯ ದಿನ ಗಂಡ ಮಾನ್ವಿಯಿಂದ ಬಂದಿದ್ದರು. ಪೂಜೆ ಮುಗಿಯಿತು. ನಾನು ಗಡಿಗೆಯಿಂದ ಮೊದಲ ಲೋಟ ತುಂಬಿ ಅಡುಗೆಮನೆಯಲ್ಲಿ ಕೂತಿದ್ದ ಅತ್ತೆಯ ಮುಂದೆ ಹಿಡಿದೆ. ಹತ್ತು ತಿಂಗಳಲ್ಲಿ ಮೊದಲ ಸಲ ನನ್ನ ಕೈಯಿಂದ ಒಂದು ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು ನಿಲ್ಲಿಸಿದರು. ಹೊರಗೆ ಎಲ್ಲರೂ ತಮ್ಮ ಲೋಟಕ್ಕೆ ಕಾಯುತ್ತಿದ್ದರು.

"ಬಾಗಿಲಾ ಬಂದ್ ಮಾಡು" ಎಂದರು ಅತ್ತೆ.

ಮಾಡಿದೆ.

"ಹಳ್ಳದ ಗಿಡದ್ದು" ಎಂದರು, ಧ್ವನಿ ತಗ್ಗಿಸಿ. "ಹಳ್ಳದ ಉಪ್ಪುಪ್ಪು ಸೌಳು ನೀರು ಕುಡಿದ ಗಿಡ ಅದು. ಹೂವಿನಾಗೂ ಸೌಳು ಬರ್ತದ. ಮೂವತ್ತು ವರ್ಷದಿಂದ ಇದ ರುಚಿ ಕುಡಿಯಾಕತ್ತೀನಿ, ನನಗ ಗೊತ್ತಾಗಂಗಿಲ್ಲೇನು?"

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಅಂದ್ರ... ನಿಮಗೂ?"

"ಒಂದೂ ಬಿದ್ದಿಲ್ಲ. ಮದುವಿ ಆಗಿ ಬಂದಾಗಿಂದ ಈ ಹೊತ್ತಿನ ತನಕ ಒಂದೂ ಬಿದ್ದಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು! "ಗೊತ್ತಿದ್ದೂ ನನ್ನ ಕಳಿಸಿದ್ರೇನ್ರಿ ಅತ್ತಿ? ನಾ ಅಲ್ಲಿ ಹುಚ್ಚಿ ಹಂಗ ಚಾದರ ಎಳದಾಡಿದ್ದು ನೋಡ್ಲಿ ಅಂತ ಮಗಳನ್ನೂ ಕಳಿಸಿದ್ರಿ!"

"ನನ್ನ ಅತ್ತಿ ಕಳಿಸಲಿಲ್ಲೇನು? ನಾ ಅಳಲಿಲ್ಲೇನು? ನಿನಗೊಬ್ಬಾಕಿಗೆ ಸುಖಾ ಯಾಕ ಬೇಕು?" ಎಂದು ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದು, ಲೋಟವನ್ನು ನನ್ನ ಕೈಯಲ್ಲಿ ಕುಕ್ಕಿದರು. "ಹೋಗು ಮಾನ್ವಿಗಿ. ಈ ಮಾತು ಯಾರ ಮುಂದರ ಆಡಿದ್ರ ನಾಲಿಗಿ ಸೀಳ್ತೀನಿ."

ನಾನು ಮಾನ್ವಿಗೆ ಹೋದೆ. ನಾವಿಬ್ಬರೂ ಆಮೇಲೆ ತಾಯಿಮಗಳ ಹಾಗಾದೆವು ಎಂದು ನೀವು ಎಣಿಸಿದ್ದರೆ ಅದನ್ನು ಬಿಟ್ಟುಬಿಡಿ. ಹಬ್ಬಕ್ಕೆ ಹೋದಾಗಲೆಲ್ಲ ಅದೇ "ಏ ರಾಯಚೂರಾಕಿ", ಅದೇ ಚೆಲ್ಲಿದ ನೀರು. ಯುಗಾದಿಯ ಮುಂಚೆ ಒಂದು ಬೆಳಿಗ್ಗೆ ಮಾತ್ರ ಅತ್ತೆ ನನ್ನನ್ನು ಎಬ್ಬಿಸುತ್ತಿದ್ದರು. ಇಬ್ಬರೂ ಹಳ್ಳದ ದಂಡೆಗೆ ಹೋಗಿ, ಚಾದರದ ಆ ಕಡೆ ಅವರು ಈ ಕಡೆ ನಾನು ಹಿಡಿದು ನಿಲ್ಲುತ್ತಿದ್ದೆವು. ನನ್ನ ಕೈಯಿಂದ ವರ್ಷಕ್ಕೆ ಆ ಒಂದು ಲೋಟ ಬಿಟ್ಟು ಬೇರೇನನ್ನೂ ಅವರು ಕುಡಿಯಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಚೈತ್ರದಲ್ಲಿ, ಯುಗಾದಿ ಕಳೆದು ವಾರವಾಗಿತ್ತು, ಅತ್ತೆ ತೀರಿಕೊಂಡರು. ನಮ್ಮಲ್ಲಿ ಹೊಲದಲ್ಲೇ ಮಣ್ಣು ಮಾಡುವುದು. ನನ್ನ ಮದುವೆಗೂ ಮೊದಲೇ ತೀರಿಕೊಂಡಿದ್ದ ಮಾವನ ಸಮಾಧಿ ಆ ಗಿಡದ ಹತ್ತಿರವೇ ಇತ್ತು, ಅದರ ಪಕ್ಕದಲ್ಲೇ ಕುಣಿ ತೆಗೆದಿದ್ದರು. ವಿಭೂತಿ ಹಚ್ಚಿ, ಬಿಳಿ ಸೀರೆ ಉಡಿಸಿ ಕೂರಿಸಿದ್ದ ಅತ್ತೆಯನ್ನು ಸ್ವಲ್ಪ ಹೊತ್ತು ಗಿಡದ ನೆರಳಲ್ಲಿ ಇಳಿಸಿದರು. ಗಿಡ ಮೈತುಂಬ ಹೂ ಬಿಟ್ಟಿತ್ತು, ಉದುರುತ್ತಲೇ ಇತ್ತು. ಮಂತ್ರ ಹೇಳುತ್ತಿದ್ದ ಅಯ್ಯನವರ ತಲೆಗೆ ಸುತ್ತಿದ್ದ ಪಟಗದ ಮೇಲೆ ಬಿತ್ತು. ನನ್ನ ಗಂಡನ ಭುಜದ ಮೇಲೆ ಬಿತ್ತು. ನೀಲಮ್ಮ ಅಳುತ್ತಲೇ ಕೂದಲಿಂದ ಹೂ ತೆಗೆದು ಹಾಕುತ್ತಿದ್ದಳು. ಕುಣಿ ತೆಗೆದು ದಣಿದು ಕೂತವರ ಮೈಮೇಲೂ ಬಿದ್ದಿತ್ತು.

ಅತ್ತೆಯ ಬಿಳಿ ಸೀರೆಯ ಮೇಲೆ ಒಂದೂ ಇರಲಿಲ್ಲ. ಒಗೆದು ಮಡಿಕೆ ಬಿಚ್ಚಿದ ಹಾಗೇ ಇತ್ತು. ನನ್ನ ಸೆರಗು ನೋಡಿಕೊಂಡೆ. ಅಲ್ಲೂ ಇಲ್ಲ.

ಆ ಮನೆಗೆ ಹತ್ತಿರ ಹತ್ತಿರ ನಲವತ್ತು ವರ್ಷ ರೊಟ್ಟಿ ಬಡಿದ ಹೆಂಗಸು. ಸತ್ತ ಮೇಲಾದರೂ ಒಂದು ಹೂ ಬೇಡವೇ? ನನಗೆ ದುಃಖ ಬಂತೋ ಸಿಟ್ಟು ಬಂತೋ ಈಗಲೂ ಗೊತ್ತಿಲ್ಲ. ಬಗ್ಗಿ ಎರಡೂ ಕೈಯಿಂದ ನೆಲದ ಮೇಲಿನ ಹೂ ಗೋರಿ, ಮಣ್ಣು ಸಮೇತ, ಅವರ ಮಡಿಲಿಗೆ ಸುರಿದೆ. ಮತ್ತೆ ಗೋರಿದೆ, ಮತ್ತೆ ಸುರಿದೆ. ಇದೂ ಒಂದು ಶಾಸ್ತ್ರ ಇರಬೇಕು ಎಂದುಕೊಂಡು ಬೇರೆ ಹೆಂಗಸರೂ ಗೋರಿ ಹಾಕತೊಡಗಿದರು. "ಸೊಸಿಗೆ ಅತ್ತಿ ಮ್ಯಾಲೆ ಎಷ್ಟ್ ಜೀವ ಇತ್ತು ನೋಡವ್ವಾ" ಎಂದು ಯಾರೋ ಹಿಂದೆ ಅಂದರು.

ಇದನ್ನು ಒಮ್ಮೆ ರಾಯಚೂರಿನಲ್ಲಿ ಸಸ್ಯಶಾಸ್ತ್ರ ಕಲಿಸುವವರೊಬ್ಬರಿಗೆ ಹೇಳಿದ್ದೆ. ಗಾಳಿಯ ಸುಳಿ ಇರಬಹುದು ಎಂದರು. ಇರಬಹುದು. ಗಾಳಿಗೆ ಮನೆಮಗಳು ಯಾರು, ಸೊಸೆ ಯಾರು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ಚಹಾ ತರಿಸಿದರು.

ಗಿಡ ಈಗಲೂ ಇದೆ. ಸಮಾಧಿಗೆ ಪೂಜೆ ಮಾಡಲು ವರ್ಷಕ್ಕೊಮ್ಮೆ ಹೋಗುತ್ತೇನೆ, ಹೂ ಬಿಡುವ ಕಾಲದಲ್ಲೇ. ಬೇಕೆಂದೇ ಅದರ ಕೆಳಗೆ ಒಂದು ಗಳಿಗೆ ನಿಲ್ಲುತ್ತೇನೆ. ಮನೆಗೆ ಬಂದು ತಲೆ ಬಾಚಿಕೊಳ್ಳುವಾಗ ಬಾಚಣಿಗೆ ನೋಡುತ್ತೇನೆ. ಇವತ್ತಿನ ತನಕ ಒಂದೂ ಇಲ್ಲ.