ಬೇಡಿಯೊಳಗಿನ ಕಿರುಬೆರಳು

ನಾಸಿಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹವಾಲ್ದಾರರು ಬೀದರ್ ಕಡೆಯವರು. ಕೈದಿಗಳನ್ನು ಜೈಲಿನಿಂದ ಕೋರ್ಟಿಗೆ ಕರೆದೊಯ್ಯುವುದು ಅವರ ಕೆಲಸ. ಬೇಡಿ ಹಾಕಿದ ಮೇಲೆ ಅದಕ್ಕೂ ಮಣಿಕಟ್ಟಿಗೂ ನಡುವೆ ತಮ್ಮ ಕಿರುಬೆರಳು ತೂರಿಸಿ, ಬಿಗಿಯಾಗಿದೆಯೇ ಎಂದು ಕೈದಿಯನ್ನು ಮರಾಠಿಯಲ್ಲಿ ಕೇಳುತ್ತಿದ್ದರಂತೆ. ಒಮ್ಮೆ ನನ್ನ ಹೊಸ ವಾಚಿನ ಪಟ್ಟಿಗೂ ಬೆರಳು ತೂರಿಸಿ, "ಬಿಗಿ ಆಗ್ಯಾದೇನ್ರಿ?" ಎಂದಿದ್ದರು. ನಾನು ನಕ್ಕುಬಿಟ್ಟಿದ್ದೆ. ಅವರು ನಗಲಿಲ್ಲ. ನಾಲ್ಕೈದು ಗಂಟೆ ದಾರಿಯ ಸಂಭಾಜಿನಗರದ ಕೋರ್ಟಿಗೆ ಕೈದಿಯೊಬ್ಬನನ್ನು ಕರೆದೊಯ್ದ ದಿನದ ಕಥೆಯನ್ನು ಆಗ ಹೇಳಿದರು.

ಆ ಕೈದಿ ದರ್ಜಿ. ವ್ಯಾನು ಹತ್ತಿದವನೇ ಬೇಡಿ ಹಾಕಿದ ಕೈಯನ್ನು ಮೈಕೆಳಗೆ ಸಿಕ್ಕಿಸಿಕೊಂಡು ನಿದ್ದೆಹೋಗಿದ್ದ.

"ಜೈಲಿನ್ಯಾಗ ನಿದ್ದಿ ಎಲ್ಲಿ ಬರ್ತದರಿ ಅವರಿಗಿ? ಮಲಗಲಿ ಪಾಪ, ಎಬ್ಬಿಸೋದು ಬ್ಯಾಡ ಅಂದ್ಕೊಂಡೆ. ದಾರಿಯಾಗ ಬೆರಳು ಹಾಕಿ ನೋಡ್ಲೇ ಇಲ್ಲ."

ಇಳಿಸುವಾಗ ಕೈ ಊದಿ ನೀಲಿಗಟ್ಟಿತ್ತು. ಆಮೇಲೆ ಊತ ಇಳಿಯಿತು, ಹೆಬ್ಬೆರಳಿನ ಜೋಮು ಹೋಗಲಿಲ್ಲ. ದರ್ಜಿಗೆ ಸೂಜಿ ಹಿಡಿಯಲು ಆಗದಂತಾಯಿತು.

"ಕೋರ್ಟಿನ ಮುಂದಿನ ತಾರೀಖಿಗೂ ಸಾಹೇಬ ಅಂತ ನನಗೇ ಕೈ ಮುಗದ್ನರಿ. ಬೈದಿದ್ರ ಛಲೋ ಇತ್ತು."

ಅವರು ನಿವೃತ್ತರಾದ ಮೇಲೆ ಒಮ್ಮೆ ಮನ್ಮಾಡಿನಿಂದ ರೈಲಿನಲ್ಲಿ ಜೊತೆಯಾದೆವು. ಅವರ ತೊಡೆಯ ಮೇಲೆ ಮೊಮ್ಮಗಳು ಮಲಗಿದ್ದಳು, ಕೈತುಂಬ ಬಳೆ. ಹವಾಲ್ದಾರರು ಬಳೆಗಳೊಳಗೆ ಕಿರುಬೆರಳು ತೂರಿಸಿದರು. ಅದು ಸಲೀಸಾಗಿ ಹೋಯಿತು. ಆದರೂ ಮಗುವನ್ನು ಅಲುಗಿಸಿ ಎಬ್ಬಿಸಿದರು.

"ಬಿಗಿ ಆಗ್ಯಾದೇನವ್ವಾ?"

"ನಾಹೀ ಆಜೋಬಾ," ಇಲ್ಲ ಅಜ್ಜಾ ಎಂದು ಮರಾಠಿಯಲ್ಲಿ ಗೊಣಗಿ ಅವಳು ಮತ್ತೆ ಕಣ್ಣು ಮುಚ್ಚಿದಳು.

ನಾಸಿಕ್ ಬರುವವರೆಗೂ ಹೀಗೇ ಎಬ್ಬಿಸಿ ಕೇಳುತ್ತ, ಅವರು ಆ ಮಗುವನ್ನು ನೆಟ್ಟಗೆ ನಿದ್ದೆ ಮಾಡಲು ಬಿಡಲಿಲ್ಲ.