ಅಲೆ ನಿಲ್ಲಿಸುವವಳು

ವಾಟರ್ ಪಾರ್ಕಿನ ಅಲೆಕೊಳದಲ್ಲಿ ಎಲ್ಲರೂ ಅವಳನ್ನು ಸೀಟಿಯಕ್ಕ ಎಂದೇ ಕರೆಯುತ್ತಿದ್ದರು. ಕುತ್ತಿಗೆಯಲ್ಲಿ ಸೀಟಿ, ಕೂರಲು ಎಂಟು ಅಡಿ ಎತ್ತರದ ಕಬ್ಬಿಣದ ಕುರ್ಚಿ, ಬಲಗೈ ಪಕ್ಕದಲ್ಲಿ ಅಂಗೈ ಅಗಲದ ಕೆಂಪು ಗುಂಡಿ. ಗಂಟೆ ಬಾರಿಸಿದೊಡನೆ ಗೋಡೆಯ ಹಿಂದಿನ ಯಂತ್ರ ಹತ್ತು ನಿಮಿಷ ಅಲೆ ಕಳಿಸುತ್ತಿತ್ತು; ಆಮೇಲೆ ಹತ್ತು ನಿಮಿಷ ನೀರಿಗೆ ವಿರಾಮ. ನಡುವೆ ಗುಂಡಿ ಒತ್ತಿದರೆ ಅಲೆ ಅಲ್ಲಿಗೇ ನಿಲ್ಲುತ್ತಿತ್ತು, ಇನ್ನೂರು ಜನ ಒಟ್ಟಿಗೆ ತಲೆಯೆತ್ತಿ ಅವಳಿಗೆ ಹಿಡಿಶಾಪ ಹಾಕುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳು ಅದನ್ನು ಕೇಳಿಸಿಕೊಂಡು ಬಂದಿದ್ದಳು.

ಎಡಗೋಡೆಯಿಂದ ಬಲಗೋಡೆಯವರೆಗೆ, ನೀರಿನ ಮೇಲೂ ತಳದಲ್ಲೂ, ಹತ್ತು ಸೆಕೆಂಡಿಗೊಮ್ಮೆ ಕಣ್ಣು ಹಾಯಿಸಬೇಕು ಎಂಬುದು ಕೊಳದ ನಿಯಮ. ಅದು ಅವಳ ಕಣ್ಣಿಗೆ ಚಟವಾಗಿ ಅಂಟಿಕೊಂಡಿತ್ತು. ಮನೆಯಲ್ಲಿ ಊಟಕ್ಕೆ ಕೂತರೂ ನೋಟ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿತ್ತು.

“ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಒಂದು ಸಲಕ್ಕೆ ಎರಡು ಸೆಕೆಂಡಿಗಿಂತ ಜಾಸ್ತಿ ನನ್ನ ಮುಖ ನೋಡಿಲ್ಲ ಇವಳು,” ಎಂದು ದರ್ಜಿ ಗಂಡ ಅಂಗಡಿಗೆ ಬಂದವರ ಮುಂದೆಲ್ಲ ದೂರುತ್ತಿದ್ದ.

“ನೀವು ಮುಳುಗ್ತಾ ಇಲ್ವಲ್ಲ,” ಎನ್ನುತ್ತಿದ್ದಳು ಅವಳು.

ಕೂಗುವವರ ಬಗ್ಗೆ ಅವಳಿಗೆ ಅಷ್ಟು ಭಯವಿರಲಿಲ್ಲ. ಕೂಗುವಷ್ಟು ಉಸಿರಿದ್ದವರನ್ನು ತಲುಪಲು ಸಮಯವಿರುತ್ತದೆ. ನಿಜವಾಗಿ ಮುಳುಗುವವರು ಕೈ ಬೀಸುವುದಿಲ್ಲ, ಕರೆಯುವುದಿಲ್ಲ. ನಿಂತ ಹಾಗೆಯೇ, ತಲೆ ಹಿಂದಕ್ಕೆ ವಾಲಿಸಿ, ಆಕಾಶದಲ್ಲಿ ಏನನ್ನೋ ಓದುತ್ತಿರುವವರಂತೆ, ಬಹಳ ಮರ್ಯಾದೆಯಿಂದ ಮುಳುಗುತ್ತಾರೆ.

ಆ ವರ್ಷ ಹೊಸ ಮ್ಯಾನೇಜರ್ ಬಂದ. ಮೊದಲು ಹೋಟೆಲಿನಲ್ಲಿದ್ದವನು, ಗಿರಾಕಿಯ ಮುಖ ಸಪ್ಪಗಾದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಬಂದ ವಾರವೇ ಕುರ್ಚಿಯ ಕಾಲಿಗೆ ಒಂದು ಸೂಚನೆ ಅಂಟಿಸಿದ: ತಿಂಗಳಿಗೆ ಮೂರಕ್ಕಿಂತ ಹೆಚ್ಚು ಬಾರಿ ವಿನಾಕಾರಣ ಅಲೆ ನಿಲ್ಲಿಸಿದವರನ್ನು ಬೇರೆ ಕೆಲಸಕ್ಕೆ ಹಾಕಲಾಗುವುದು.

ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ಸೀಟಿಯಕ್ಕನ ಮೂರೂ ಮುಗಿದಿದ್ದವು. ಒಬ್ಬ ಮುಖ ಅಡಿಯಾಗಿ ತೇಲುತ್ತಿದ್ದ. ಭಾವಮೈದುನನ ಜೊತೆ ಉಸಿರು ಬಿಗಿಹಿಡಿಯುವ ಪಂದ್ಯವಂತೆ. ಎರಡನೆಯದು ಮಗುಚಿದ ರಬ್ಬರ್ ಟ್ಯೂಬು. ಕೆಳಗೆ ಯಾರೂ ಇರಲಿಲ್ಲ. ಮೂರನೆಯವರು ಒಬ್ಬ ಅಜ್ಜ, ಸುಮ್ಮನೆ ಕಣ್ಣು ಮುಚ್ಚಿದ್ದರು. ಎತ್ತಿ ದಡಕ್ಕೆ ತಂದು ಕೂರಿಸಿದ ಮೇಲೆ, “ಮನೇಲೂ ಬಿಡಲ್ಲ, ಇಲ್ಲೂ ಬಿಡಲ್ಲ,” ಎಂದರು.

“ಸೀಟಿಯಕ್ಕ, ಮೂರಾಯ್ತು. ಇನ್ನೊಂದಾದ್ರೆ ನನ್ನ ಕೈಲಿ ಏನೂ ಇಲ್ಲ,” ಎಂದ ಮ್ಯಾನೇಜರ್.

“ಗುಂಡಿ ನನ್ನ ಕೈಲಿದೆಯಲ್ಲ ಸಾರ್.”

ಹಾಗೆ ಅಂದಳೇ ಹೊರತು ಎದೆ ಹಗುರಾಗಲಿಲ್ಲ. ಬೇರೆ ಕೆಲಸ ಬಾರದವಳೇನಲ್ಲ. ಆದರೆ ಬೇರೆ ಎಲ್ಲಿ ಕೂತರೂ ನೀರಿಗೆ ಬೆನ್ನು ಹಾಕಬೇಕಿತ್ತು.

ಇಪ್ಪತ್ತೇಳನೇ ತಾರೀಖು ಮಧ್ಯಾಹ್ನ ಒಂದು ಕುಟುಂಬ ಬಂತು. ಅತ್ತೆ ದಡದ ಬೆಂಚಿನಲ್ಲಿ ಕೂತರು. ಸೊಸೆ ಒಬ್ಬಳೇ, ಯಾರೋ ಪಂಥ ಕಟ್ಟಿದ್ದಾರೆ ಎನ್ನುವಂತೆ, ಆಳದ ಕಡೆ ನಡೆದಳು. ನಾಲ್ಕನೇ ಅಲೆ ಅವಳನ್ನು ಎತ್ತಿ ಇಳಿಸಿತು. ಐದನೇ ಅಲೆಗೆ ಕೂದಲು ಮುಖದ ಮೇಲೆ ಬಂದು ಬಿತ್ತು. ಅವಳು ಅದನ್ನು ಸರಿಸಲಿಲ್ಲ. ಮುಖದ ಮೇಲಿನ ಕೂದಲು ಸರಿಸಿಕೊಳ್ಳದ ಹೆಂಗಸನ್ನು ಸೀಟಿಯಕ್ಕ ಹತ್ತೊಂಬತ್ತು ವರ್ಷದಲ್ಲಿ ಎರಡೇ ಸಲ ನೋಡಿದ್ದಳು. ಎರಡು ಸಲವೂ ಆಂಬುಲೆನ್ಸ್ ಬಂದಿತ್ತು. ಗುಂಡಿ ಒತ್ತಿ, ಮೂರು ಸಲ ಸೀಟಿ ಊದಿ, ಧುಮುಕಿದಳು.

ದಡದಲ್ಲಿ ಸೊಸೆ ಕೆಮ್ಮಿದಳು, ನೀರು ಕಾರಿದಳು, ಸುತ್ತ ನಿಂತವರನ್ನು ನೋಡಿದಳು. “ನಂಗೇನಾಗಿತ್ತು? ಸುಮ್ನೆ ನಿಂತಿದ್ದೆ,” ಎಂದಳು.

“ನಮ್ಮ ಸೊಸೆಗೆ ಈಜು ಬರುತ್ತೆ ಕಣ್ರೀ,” ಎಂದು ಅತ್ತೆ ಎದ್ದು ಬಂದರು. “ಕಾಲೇಜಲ್ಲಿ ಮೆಡಲ್ ತಗೊಂಡಿದ್ದಾಳೆ. ನೀವ್ಯಾರು ಅವಳ ರಟ್ಟೆ ಹಿಡಿದು ಎಳೆಯೋಕೆ?”

ಮ್ಯಾನೇಜರ್ ರಿಜಿಸ್ಟರ್ ತಂದ. ‘ಅಪಾಯವಿತ್ತೇ?’ ಎಂಬ ಕಡೆ ಸೊಸೆ ‘ಇಲ್ಲ’ ಎಂದು ಬರೆದು ಸಹಿ ಹಾಕಿದಳು. ಅವಳ ಕೂದಲು ಇನ್ನೂ ಮುಖದ ಮೇಲೇ ಇದ್ದುದು ಸೀಟಿಯಕ್ಕನಿಗೆ ಕಂಡಿತು. ಮ್ಯಾನೇಜರ್ ನೋಡುತ್ತಿದ್ದುದು ಸಹಿಯನ್ನು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸೊಸೆ ಹಿಂದಿನಿಂದ ಬಂದಳು. “ಅಕ್ಕಾ, ಕಾಲಿಗೆ ನೆಲ ಸಿಗ್ತಿರಲಿಲ್ಲ. ಆ ಮೆಡಲು ಓಟದ್ದು. ಮದುವೆ ಹೊತ್ತಲ್ಲಿ ಯಾರೋ ಈಜಿನದು ಅಂದ್ಕೊಂಡ್ರು, ನಾನು ಸುಮ್ನಿದ್ದೆ. ಈಗ ಹೇಳಿದ್ರೆ ನಮ್ಮತ್ತೆ ನನ್ನ ಒಂದು ಮಾತೂ ನಂಬಲ್ಲ. ನಿಮಗೇನೂ ತೊಂದ್ರೆ ಆಗಲ್ಲ ತಾನೆ?”

“ಏನಿಲ್ಲಮ್ಮ. ತಲೆ ಒರೆಸ್ಕೊಳ್ಳಿ. ಇನ್ಮೇಲೆ ಸೊಂಟದ ನೀರು ದಾಟ್ಬೇಡಿ.”

ಮರುದಿನ ಅವಳನ್ನು ಗೇಟಿಗೆ ಹಾಕಿದರು. ಕೈಗೆ ಅಳತೆಕೋಲು, ನಾಲ್ಕಡಿಗಿಂತ ಕಡಿಮೆ ಇದ್ದ ಮಕ್ಕಳಿಗೆ ತೇಲುವ ಜಾಕೆಟ್ ತೊಡಿಸಬೇಕು. ಕುರ್ಚಿಯ ಮೇಲೆ ನಿವೃತ್ತ ಡ್ರಿಲ್ ಮೇಷ್ಟ್ರು ಬಂದು ಕೂತರು. ನೆಟ್ಟಗಿನ ಬೆನ್ನು, ಕಪ್ಪು ಕನ್ನಡಕ, ಮೀನಿನಂಥ ಈಜು. ಹನ್ನೊಂದು ದಿನ ಒಂದು ಸಲವೂ ಅಲೆ ನಿಲ್ಲಲಿಲ್ಲ. ಮ್ಯಾನೇಜರ್ ಸಿಳ್ಳೆ ಹಾಕುತ್ತ ಓಡಾಡಿದ. ಗೇಟಿನಲ್ಲಿ ನಿಂತವಳಿಗೆ ಯಂತ್ರ ಪ್ರತಿ ಸಲವೂ ಪೂರ್ತಿ ಹತ್ತು ನಿಮಿಷ ಓಡುವ ಸದ್ದು ಕೇಳಿ ಕೇಳಿ ಊಟ ಸೇರದಾಯಿತು.

ಹನ್ನೆರಡನೇ ದಿನ ಊಟದ ಡಬ್ಬಿ ಹಿಡಿದು ಕೊಳದ ಅಂಚಿಗೆ ಹೋಗಿ ನಿಂತಳು.

“ಇಲ್ಲೇನು ನಿಮ್ಮ ಕೆಲಸ?” ಎಂದ ಮ್ಯಾನೇಜರ್.

“ಕೆಲಸ ಅಲ್ಲ ಸಾರ್, ಊಟ.”

ಅಂದಿನಿಂದ ದಿನಾ ಒಂದು ಗಂಟೆಗೆ ಅಲ್ಲೇ ಊಟ. ಅವಳು ಅಗಿಯುವುದನ್ನು ನಿಲ್ಲಿಸಿದಾಗೆಲ್ಲ ನೀರಿನಲ್ಲಿ ಏನೋ ಇರುತ್ತದೆ ಎಂಬುದನ್ನು ಮೇಷ್ಟ್ರು ಮೂರನೇ ದಿನಕ್ಕೆ ಕಂಡುಕೊಂಡರು. ಅವಳ ನೋಟದ ಜಾಡು ಹಿಡಿದು ನೋಡಿದರೆ, ಯಂತ್ರದ ಗೋಡೆಗೆ ಒತ್ತಿಕೊಂಡು ಒಬ್ಬ ದಪ್ಪ ಮನುಷ್ಯ ಸದ್ದಿಲ್ಲದೆ ನೀರು ಕುಡಿಯುತ್ತಿದ್ದ. ಮೇಷ್ಟ್ರು ಗುಂಡಿ ಒತ್ತಿದರು. ಆ ವಾರ ಇನ್ನೂ ನಾಲ್ಕು ಸಲ ಒತ್ತಿದರು. ಎರಡು ಸಲ ಏನೂ ಇರಲಿಲ್ಲ, ಎರಡು ಸಲ ಇತ್ತು.

ಮ್ಯಾನೇಜರ್ ರಿಜಿಸ್ಟರ್ ಹಿಡಿದು ಓಡಿಬಂದ. “ಏನು ಮೇಷ್ಟ್ರೇ ಇದು, ಐದು ಸಲ! ಅದೂ ಎಲ್ಲಾ ಮಧ್ಯಾಹ್ನ ಒಂದರಿಂದ ಒಂದೂವರೆ ಒಳಗೆ?”

“ಆಗಷ್ಟೇ ಸಾರ್ ನನಗೆ ಕಾಣೋದು,” ಎಂದರು ಮೇಷ್ಟ್ರು, ಅಂಚಿನಲ್ಲಿ ನಿಂತವಳತ್ತ ಗದ್ದ ತೋರಿಸಿ.

“ಮತ್ತೆ ಮಿಕ್ಕ ಹೊತ್ತಲ್ಲಿ?”

“ಅದನ್ನೇ ನಾನೂ ಯೋಚಿಸ್ತಾ ಇದ್ದೀನಿ.”

ಮ್ಯಾನೇಜರ್ ಕೊಳದತ್ತ ತಿರುಗಿದ. ನೀರಿನಲ್ಲಿ ಇನ್ನೂರು ಜನ ಕುಣಿಯುತ್ತಿದ್ದರು. ಮೊದಲ ಬಾರಿಗೆ ಅವನು ಅವರನ್ನು ಒಬ್ಬೊಬ್ಬರನ್ನಾಗಿ ನೋಡಲು ಹೋಗಿ, ಹದಿನಾಲ್ಕನೆಯವರ ಹೊತ್ತಿಗೆ ಲೆಕ್ಕ ತಪ್ಪಿದ.

“ಸೀಟಿಯಕ್ಕ, ಊಟ ಆಯ್ತಾ?” ಎಂದ.

“ಆಯ್ತು ಸಾರ್.”

“ಹಾಗಾದ್ರೆ ಕುರ್ಚಿ ಹತ್ತಿ.”

ಅವಳು ಕೈ ತೊಳೆದು ಏಣಿ ಹತ್ತಿದಳು. ಮೇಷ್ಟ್ರು ಅಳತೆಕೋಲು ತೆಗೆದುಕೊಂಡು ತಾವಾಗಿಯೇ ಗೇಟಿಗೆ ನಡೆದರು. ಅಲ್ಲಿ ಮಕ್ಕಳು ಎತ್ತರ ಕಾಣಲೆಂದು ಹಿಮ್ಮಡಿ ಎತ್ತಿ ನಿಂತರೆ ಅವರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಶಾಲೆಯ ಡ್ರಿಲ್ಲಿನಲ್ಲಿ ಮೂವತ್ತು ವರ್ಷ ಅವರು ನೋಡಿದ್ದು ಅದನ್ನೇ.