ಸರಿಯೋ ಮಣ್ಣಿಯೋ

ನಾನು ಪ್ರೂಫ್ ತಿದ್ದುವವನು. ಮಡಿಕೇರಿಯ ಇಳಿಜಾರಿನ ಬಾಡಿಗೆ ಮನೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತು, ಯಾರೋ ಬರೆದ ಪುಸ್ತಕದಲ್ಲಿ ಗುಡಿಸು ಇರಬೇಕಾದ ಕಡೆ ಕೊಂಬು ಬಂದಿದೆಯೇ ಎಂದು ಹುಡುಕುವುದು ನನ್ನ ಕೆಲಸ. ಕೆಲಸವಾಗುವ ಮೊದಲೇ ಅದು ನನ್ನ ಸ್ವಭಾವವಾಗಿತ್ತು. ತಪ್ಪು ಎಲ್ಲೋ ಇದ್ದೇ ಇರುತ್ತದೆ. ಕಾಣಲಿಲ್ಲವೆಂದರೆ ನಾನು ನೆಟ್ಟಗೆ ನೋಡಿಲ್ಲ, ಅಷ್ಟೇ. ಇಂಥವನಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಮಗಳು ಹುಟ್ಟಿದಳು.

ಆರು ತಿಂಗಳು ಹಾಲಿನಲ್ಲೇ ಕಳೆಯಿತು. ಆ ಖಾತೆ ನನ್ನದಲ್ಲವಾದ್ದರಿಂದ ಹೊರಗಿನಿಂದ ಬೆಂಬಲ ಕೊಟ್ಟು ಚಿಂತೆ ಮಾಡುತ್ತಿದ್ದೆ. ಆಮೇಲೆ ಎರಡು ಸಂಗತಿ ಒಟ್ಟಿಗೆ ಬಂದವು. ಡಾಕ್ಟರು, ಇನ್ನು ಹಾಲಿನ ಜೊತೆಗೆ ಗಟ್ಟಿ ಆಹಾರ ಶುರು ಮಾಡಿ ಎಂದರು. ಹೆಂಡತಿಯ ಹೆರಿಗೆ ರಜೆ ಮುಗಿಯಿತು. ಅವಳ ಆಫೀಸು ಕುಶಾಲನಗರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಕಾಣುವುದು ಸಂಜೆಗೇ. ಹಿಂಡಿಟ್ಟ ಹಾಲನ್ನು ಮಗಳು ಬಾಟಲಿಯಲ್ಲೂ ಒಲ್ಲೆ, ಒಳಲೆಯಲ್ಲೂ ಒಲ್ಲೆ ಎಂದು ಆಗಲೇ ತೀರ್ಪು ಕೊಟ್ಟಿದ್ದಳು.

“ಸೋಮವಾರದೊಳಗೆ ನಿಮ್ಮ ಕೈಲಿ ತಿನ್ನೋದು ಕಲೀಬೇಕು ಅವಳು,” ಎಂದಳು ಹೆಂಡತಿ, ಗುರುವಾರ.

“ಕಲೀಲಿಲ್ಲ ಅಂದ್ರೆ?”

“ನಾನು ಹೋಗಲ್ಲ. ಮತ್ತೆ ರಜೆ ಕೇಳ್ತೀನಿ.”

ಹೇಳುವಾಗ ಬಾಗಿಲ ಕಡೆ ನೋಡಿದಳು. ಅಲ್ಲಿ ಆಫೀಸಿಗೆಂದು ತಂದ ಹೊಸ ಚಪ್ಪಲಿ ಜೋಡಿಯಾಗಿ ಕೂತಿತ್ತು. ಅವಳಿಗೆ ಹೋಗಬೇಕಿತ್ತು. ಆರು ತಿಂಗಳಿಂದ ಅವಳು ಮಾತಾಡಿದ್ದು ಒಂದು ಕೂಸಿನ ಜೊತೆ ಮತ್ತು ನನ್ನ ಜೊತೆ. ಇಬ್ಬರಲ್ಲಿ ಕೂಸೇ ವಾಸಿ ಎಂದು ಒಮ್ಮೆ ಹೇಳಿಯೂ ಇದ್ದಳು.

ಕೂಸುಗಳಿಗೆ ಕಾಯಿಸಿ ತಿನ್ನಿಸುವ ರಾಗಿ ಸರಿಯ ಹಿಟ್ಟು ನನ್ನ ಅಮ್ಮನಿಂದ ಬಂದಿತ್ತು. ಅಮ್ಮನ ಮನೆ ಕುಶಾಲನಗರದ ಹತ್ತಿರ. ಹಾಸನದಿಂದ ಬಂದು ನೆಲೆ ನಿಂತವರು ನಾವು, ರಾಗಿಯಲ್ಲೇ ಬೆಳೆದವರು. ಮೊಳಕೆ ಕಟ್ಟಿ, ನಮ್ಮ ಮಡಿಕೇರಿಗೆ ಅಪರೂಪವಾದ ಅಲ್ಲಿನ ಬಿಸಿಲಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು. ನಾನು ಅದನ್ನು ಗಂಟಿಲ್ಲದಂತೆ ಕಾಯಿಸಿ, ಮಣಿಕಟ್ಟಿನ ಮೇಲೆ ತೊಟ್ಟು ಬಿಟ್ಟು ಬಿಸಿ ನೋಡಿ, ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕೆಂಬ ವಿಡಿಯೋವನ್ನು ಫೋನಿನಲ್ಲಿ ಸಿದ್ಧವಾಗಿಟ್ಟು, ಪಕ್ಕದಲ್ಲಿ ನೋಟ್‌ಬುಕ್ ತೆರೆದು ಕೂತೆ. ಮಗಳು ನನ್ನ ಮುಖ ನೋಡಿದಳು. ಚಮಚ ನೋಡಿದಳು. ಮತ್ತೆ ನನ್ನ ಮುಖ ನೋಡಿ, ಅಲ್ಲೇನು ಕಂಡಳೋ, ಬಾಯಿ ಬಿಗಿದು ಅಳತೊಡಗಿದಳು. ಅಳಲು ಬಾಯಿ ತೆರೆದಾಗ ಸಂದು ನೋಡಿ ಇಟ್ಟ ಒಂದು ತೊಟ್ಟೂ ನಾಲಿಗೆಯ ತುದಿಯಲ್ಲಿ ಹೊರಗೆ ಬಂತು. ನೋಟ್‌ಬುಕ್ಕಿನಲ್ಲಿ ಬರೆದೆ: ‘ಒಳಗೆ, ಇಲ್ಲ. ಅಂಗಿ ಮೇಲೆ, ಪೂರ್ತಿ.’ ಶುಕ್ರವಾರವೂ ಅದೇ.

ಶನಿವಾರ ಅಂಗಳದಲ್ಲಿ ಪ್ರಯತ್ನಿಸುತ್ತಿದ್ದೆ. ನಮ್ಮ ಅಂಗಳದ ಮಟ್ಟಕ್ಕೆ ಕೆಳಗಿನ ಮನೆಯ ಶೀಟಿನ ಮಾಡು ಬರುತ್ತದೆ. ಆ ಮನೆಯ ಹೆಂಗಸು ಭಾಗಮಂಡಲದ ಕಡೆಯವರು, ಮನೆಯಲ್ಲಿ ಅರೆಭಾಷೆ ಎಂಬ ಅಲ್ಲಿನ ಕನ್ನಡ ಆಡುವವರು. ಮಗಳು ಹುಟ್ಟಿದ ಮೇಲೆ ನಾನು ಅವರನ್ನು ‘ಅಜ್ಜಿ’ ಎನ್ನತೊಡಗಿದಾಗ, “ನಿಮ್ಗೂ ನಂಗೂ ಎಷ್ಟು ವರ್ಷ ಹೆಚ್ಚು ಕಮ್ಮಿ ಮಾಷ್ಟ್ರೇ?” ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ್ದವರು. ಆದರೂ ಆ ಹೆಸರೇ ನಿಂತುಬಿಟ್ಟಿತ್ತು. ಕೆಂಪು ಪೆನ್ನು ಕಂಡದ್ದರಿಂದ ನಾನು ಅವರಿಗೆ ಮೇಷ್ಟ್ರು.

“ಎಂತ ಮಾಷ್ಟ್ರೇ, ಮೂರು ದಿನಂದ ಮಗು ಅಳುದೇ ಕೇಳ್ತದೆ?” ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದಲೇ ಕೂಗಿದರು.

“ಏನೂ ತಿಂತಿಲ್ಲ ಅಜ್ಜಿ.”

“ಅದ್ರ ಬಾಯಿಗೆ ಒಂಚೂರು ಮಣ್ಣು ಹಾಕಿ ಮಾಷ್ಟ್ರೇ!”

ಹಾಗೆಂದೇ ನನಗೆ ಕೇಳಿಸಿತು. ನಮ್ಮ ಕಡೆ ಒಬ್ಬರ ಬಾಯಿಗೆ ಮಣ್ಣು ಹಾಕುವ ಮಾತು ಬರುವುದು ದಾಯಾದಿಗಳ ಜಗಳದಲ್ಲಿ, ಅದೂ ಕೊನೆಯ ಹಂತದಲ್ಲಿ. ಸಿಟ್ಟು ನುಂಗಿಕೊಂಡು, ಆದಷ್ಟು ಗಂಭೀರವಾಗಿ ಹೇಳಿದೆ, “ನಾವು ಸರಿ ಹಾಕ್ತಾ ಇದೀವಿ.”

“ಹಾಂ, ಹಾಕಿ ಹಾಕಿ,” ಎಂದು ಅವರು ನಗುತ್ತಾ ಒಳಗೆ ಹೋದರು.

ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ. “ಅವ್ರಾ? ಬಾಣಂತನದಲ್ಲಿ ದಿನಾ ನಂಗೆ ನೀರು ಕಾಯಿಸಿ ಕೊಟ್ಟೋರು?”

“ಹೋದ ವಾರ ನಮ್ಮ ಟ್ಯಾಂಕು ಉಕ್ಕಿ ಅವರ ಶೀಟಿನ ಮೇಲೆ ಬಿತ್ತಲ್ಲ. ಮನಸ್ಸಲ್ಲಿ ಇಟ್ಕೊಂಡಿದಾರೆ.”

“ನೀವು ಇಟ್ಕೊಂಡಿದೀರ,” ಎಂದಳು.

ಭಾನುವಾರ ಬೆಳಿಗ್ಗೆ ಅಜ್ಜಿ ಮುಚ್ಚಳ ಹಾಕಿದ ಸ್ಟೀಲು ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದೇಬಿಟ್ಟರು. “ಸರಿ, ಹಾಕ್ತೇವೆ ಅಂದಿರಿ. ಮತ್ತೂ ಅಳ್ತೇ ಉಟ್ಟು. ನಿಮ್ಗೆ ಮಾಡ್ಲಿಕ್ಕೆ ಬರುದಿಲ್ಲೆಂತ ಗೊತ್ತಾತ್. ತಕೊಳ್ಳಿ, ಮಣ್ಣಿ. ಬೆಲ್ಲ ಹಾಕಿಲ್ಲೆ.”

ಮುಚ್ಚಳ ತೆಗೆದರೆ ಒಳಗೆ ರಾಗಿ. ನೆನೆಸಿ, ಅರೆದು, ಹಾಲು ಹಿಂಡಿ ಕಾಯಿಸಿದ, ಕನ್ನಡಿಯಂತೆ ಹೊಳೆಯುವ ರಾಗಿ. ಹೆಂಡತಿ ಗೋಡೆ ಹಿಡಿದು ನಗತೊಡಗಿದಳು. “ರೀ, ಮಣ್ಣಿ! ಗುಡಿಸು ಕಣ್ರೀ, ಗುಡಿಸು!”

ಗುಡಿಸು ಕೊಂಬುಗಳಿಂದಲೇ ಅನ್ನ ತಿನ್ನುವವನು ನಾನು. ನನ್ನ ‘ಸರಿ’ಯ ಮುಂದೆ ಅವರ ಕಿವಿ ಒಂದು ಅಲ್ಪವಿರಾಮ ಹಾಕಿಕೊಂಡಿತ್ತು, ಅವರ ‘ಮಣ್ಣಿ’ಗೆ ನನ್ನ ಕಿವಿ ಕೊಂಬು ಮೂಡಿಸಿತ್ತು.

“ಅಂದ್ರೆ ಇದು ಸರಿ,” ಎಂದೆ ಪೆಚ್ಚಾಗಿ.

“ಸರಿಯೇ ಮತ್ತೆ, ತಪ್ಪು ಎಂತ ಉಟ್ಟು?” ಎಂದರು ಅಜ್ಜಿ.

ನಾನು ನೋಟ್‌ಬುಕ್ ತೆಗೆದು ಚಮಚ ಎತ್ತಿದೆ. ಹೆಂಡತಿ, ಮಗಳ ಕಣ್ಣಿಗೆ ಬೀಳದಂತೆ, ಒಳಗೆ ಸರಿದಳು. ಮಗಳು ನನ್ನ ಮುಖ ನೋಡಿ ತುಟಿ ಸೊಟ್ಟ ಮಾಡಿದಳು.

“ನಿಲ್ಲಿ ಮಾಷ್ಟ್ರೇ. ಆ ಮುಖ ಒಳಗೆ ಇಟ್ಟು ಬನ್ನಿ. ಹೀಗೆ ನೋಡ್ರೆ ನಂಗೇ ಗಂಟಲು ಕಟ್ತದೆ. ಮಗುನ ಬಿಡಿ, ಮೊದ್ಲು ನೀವು ತಿನ್ನಿ.”

ಅಂದು ನಾನು ತಿಂಡಿ ತಿಂದಿರಲಿಲ್ಲ. ಒಂದು ಚಮಚ ಬಾಯಿಗಿಟ್ಟೆ. ಬೆಲ್ಲವಿಲ್ಲದಿದ್ದರೂ ರುಚಿ. ಅಜ್ಜಿ ಟ್ಯಾಂಕಿನ ವಿಷಯ ಎತ್ತಿದರು. ನೀರು ಬಿದ್ದದ್ದು ಒಳ್ಳೆಯದೇ ಆಯಿತಂತೆ, ಮಾಡಿನ ಪಾಚಿ ಹೋಯಿತಂತೆ. ನಾನು ವಾಲ್ವಿನ ದೋಷ ವಿವರಿಸುತ್ತಾ ಇನ್ನೆರಡು ಚಮಚ ತಿಂದೆ. ನಾಲ್ಕನೆಯದು ಎತ್ತುವಾಗ ಕೈ ಭಾರವೆನಿಸಿತು. ನೋಡಿದರೆ ಮಗಳು ಎರಡೂ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಚಮಚವನ್ನು ತನ್ನ ಕಡೆ ಎಳೆಯುತ್ತಿದ್ದಾಳೆ. ತಿಂದಳು. ಕಣ್ಣು ಕಿರಿದು ಮಾಡಿ, ಯೋಚಿಸಿ, ನುಂಗಿದಳು.

“ನೋಡ್ಬೇಡಿ, ಆ ಕಡೆ ನೋಡಿ,” ಎಂದು ಅಜ್ಜಿ ಪಿಸುಗುಟ್ಟಿದರು. ನಾನು ಟ್ಯಾಂಕ್ ನೋಡಿದೆ. ಚಮಚ ಬದಲಿಸಲಿಲ್ಲವಲ್ಲ ಎಂಬುದು ಬಟ್ಟಲು ಅರ್ಧವಾದ ಮೇಲೆ ಹೊಳೆಯಿತು. ಆ ಚಿಂತೆಯನ್ನು ಸಂಜೆಗೆ ಎತ್ತಿಟ್ಟೆ.

ಸೋಮವಾರ ಹೊಸ ಚಪ್ಪಲಿ ಬಸ್‌ಸ್ಟ್ಯಾಂಡಿನ ಕಡೆ ಇಳಿದು ಹೋಯಿತು, ಮೂರು ಸಲ ತಿರುಗಿ ನೋಡಿ. ನಾನು ಅಜ್ಜಿಯ ಬಟ್ಟಲಿಗೆ ಎರಡು ಚಮಚ ತಂದು, ಪ್ರೂಫ್ ಹರಡಿಕೊಂಡು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಪಾಡಿಗೆ ನಾನು ಓದುತ್ತಾ ತಿನ್ನತೊಡಗಿದೆ. ಐದನೆಯ ಸಾಲಿಗೆ ಅವಳ ಕೈ ಬಂತು.

ಹನ್ನೊಂದೂವರೆಗೆ ಫೋನು. “ಸರಿ ತಿಂದ್ಲಾ?”

“ಮಣ್ಣಿ ತಿಂದ್ಲು. ಬಟ್ಟಲು ಖಾಲಿ.”

ಆ ಕಡೆ ಯಾರೋ ಚಹಾ ಬಂತೆಂದು ಕೂಗಿದರು. “ಹಾಗಿದ್ರೆ ಇಡ್ತೀನಿ,” ಎಂದ ಹೆಂಡತಿ ಸಂಜೆಯವರೆಗೆ ಮತ್ತೆ ಫೋನೇ ಮಾಡಲಿಲ್ಲ.

ಪ್ರೂಫಿನ ಆ ಪುಟದ ನಡುವೆ ಐದು ಬೆರಳಿನ ಕಂದು ಗುರುತು ಬಿದ್ದಿತ್ತು. ಒರೆಸಿದರೆ ಅಕ್ಷರ ಹೋಗುತ್ತಿತ್ತು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಇದು ರಾಗಿ, ತಿದ್ದುಪಡಿ ಅಲ್ಲ’ ಎಂದು ಬರೆದು ಪ್ರೆಸ್ಸಿಗೆ ಕಳಿಸಿದೆ.